ಡ್ರಾಫ್ಟ್ ಪಟ್ಟಿಯಿಂದ ಒಂದು ಹೆಸರು ತೆಗೆಸಿದ್ದು

ಬಕ್ರೀದಿಗೆ ಇನ್ನು ಮೂರು ದಿನವಿತ್ತು. ಗುರುವಾರ ಬೆಳಿಗ್ಗೆ ರಿಯಾದಿನ ಮಲಾಜ್‌ನಲ್ಲಿರುವ ನಮ್ಮ ಕ್ಲಬ್ಬಿನ ಬಾಸ್ಕೆಟ್‌ಬಾಲ್ ಹಾಲ್‌ನಲ್ಲಿ ನಾನು ನೆಲ ಒರೆಸುತ್ತಿದ್ದೆ. ಅದು ಮರದ ನೆಲ. ನೀರು ಹಾಕುವ ಹಾಗಿಲ್ಲ. ನಾಲ್ಕಡಿ ಅಗಲದ ಹತ್ತಿಯ ಮಾಪನ್ನು ಈ ಗೋಡೆಯಿಂದ ಆ ಗೋಡೆಗೆ ನಿಲ್ಲಿಸದೆ ಎಳೆಯಬೇಕು. ನಡುವೆ ನಿಂತರೆ ಧೂಳಿನ ಗೆರೆಯೊಂದು ಅಲ್ಲೇ ಕೂರುತ್ತದೆ, ಅದರ ಮೇಲೆ ಕಾಲಿಟ್ಟ ಆಟಗಾರನ ಮಂಡಿ ಹೋಗುತ್ತದೆ. ಹಾಗಾಗಿ ಯಾರು ಕರೆದರೂ ಗೋಡೆ ಮುಟ್ಟುವವರೆಗೆ ನಾನು ತಿರುಗುವುದಿಲ್ಲ.

"ಹಸನಾಕ, ಸೀಟ್ ಸಿಕ್ತು."

ಗೋಡೆ ಮುಟ್ಟಿ ತಿರುಗಿದೆ. ಹುಡುಗ ಫೋನ್ ಹಿಡಿದು ಕೋರ್ಟಿನ ಗೆರೆಯಾಚೆ ನಿಂತಿದ್ದ. ಹತ್ತೊಂಬತ್ತು ವರ್ಷ, ಆರಡಿ ಎಂಟಿಂಚು. ಹುಟ್ಟಿದ್ದು, ಓದಿದ್ದು ಇಲ್ಲೇ. ಅಪ್ಪ ಉಡುಪಿ ಕಡೆಯವರು, ಒಂದು ಏ.ಸಿ. ಕಂಪನಿಯಲ್ಲಿ ಫೋರ್‌ಮನ್. ನಾನು ಉಳ್ಳಾಲದ ಹತ್ತಿರದ ಬ್ಯಾರಿ. ಹಾಲ್‌ನ ಏ.ಸಿ. ರಿಪೇರಿಗೆ ಬರುತ್ತಿದ್ದ ಅಪ್ಪನ ಜೊತೆ ಬಂದವನು ಈ ಹುಡುಗ. ಒಂದು ದಿನ ನಾನೇ ಅವನ ಕೈಗೆ ಚೆಂಡು ಕೊಟ್ಟೆ.

ಅಮೆರಿಕದ ಒಂದು ಸಣ್ಣ ಊರಿನ ಕಾಲೇಜು ಅವನ ಆಟದ ವೀಡಿಯೊ ನೋಡಿ ಎರಡು ತಿಂಗಳಿಂದ ಮಾತಾಡುತ್ತಿತ್ತು. ಓದು, ಊಟ, ವಸತಿ ಎಲ್ಲ ಅವರದ್ದೇ. ಆದರೆ ಜಾಗ ಮಾತ್ರ ಖಾಲಿ ಇರಲಿಲ್ಲ. ಈಗ ಖಾಲಿಯಾಯಿತು.

"ಆದ್ರೆ ಒಂದು ಪ್ರಾಬ್ಲಮ್ ಉಂಟು," ಎಂದ. "ಎರಡು. ಎರಡು ಪ್ರಾಬ್ಲಮ್."

"ಒಂದೊಂದೇ ಹೇಳು ಮಾರಾಯ. ನಂಗೆ ಇನ್ನೂ ಅರ್ಧ ನೆಲ ಬಾಕಿ ಉಂಟು."

ಆ ಮಧ್ಯಾಹ್ನ ಕಾಲೇಜಿನಲ್ಲಿ ಆಟಗಾರರ ಅರ್ಹತೆ ನೋಡುವ ಅಧಿಕಾರಿಣಿಯೊಬ್ಬರು ವೀಡಿಯೊ ಕರೆಯಲ್ಲಿ ಎಲ್ಲ ವಿವರಿಸಿದರು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಕೈಯಲ್ಲಿ ದೊಡ್ಡ ಕಾಫಿ ಲೋಟ. ಹುಡುಗ ಅವರ ಮಾತನ್ನು ನನಗೂ ಅವನ ಅಪ್ಪನಿಗೂ ತಿರುಗಿಸಿ ಹೇಳುತ್ತಿದ್ದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನಿಯಮ ಎಂದರೆ ನನಗೆ ಹೆದರಿಕೆಯಿಲ್ಲ. ಇಷ್ಟು ವರ್ಷ ಈ ದೇಶದಲ್ಲಿ ನಿಯಮಗಳ ಜೊತೆಗೇ ಬದುಕಿದ್ದೇನೆ. ನನಗೆ ಅರ್ಥವಾದದ್ದನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಸಂಬಳಕ್ಕೆ ಆಡುವ ದೊಡ್ಡ ಲೀಗ್ ವರ್ಷಕ್ಕೊಮ್ಮೆ ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುತ್ತದೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆ ವರ್ಷದೊಳಗೆ ಕನಿಷ್ಠ ಹತ್ತೊಂಬತ್ತು ತುಂಬುವವನು ಮಾತ್ರ ಅದರಲ್ಲಿ ಹೆಸರು ಕೊಡಬಹುದು. ಅಲ್ಲಿಯ ಹುಡುಗನಾದರೆ ಹೈಸ್ಕೂಲು ಮುಗಿದು ಒಂದು ವರ್ಷವೂ ಕಳೆದಿರಬೇಕು. ಆ ಒಂದು ವರ್ಷ ಕಳೆಯಲೆಂದೇ ಒಳ್ಳೊಳ್ಳೆ ಆಟಗಾರರು ಕಾಲೇಜಿಗೆ ಸೇರುತ್ತಾರೆ, ಒಂದು ಸೀಸನ್ ಆಡುತ್ತಾರೆ, ಹೊರಟುಹೋಗುತ್ತಾರೆ. ಹೊರದೇಶದವನ ಹೆಸರು ಇಪ್ಪತ್ತೆರಡು ತುಂಬುವ ವರ್ಷ ತಾನಾಗಿ ಪಟ್ಟಿಗೆ ಸೇರುತ್ತದೆ. ಅದಕ್ಕೆ ಮುಂಚೆ ಬೇಕಾದರೆ ಅವನೇ ಬರೆದುಕೊಡಬೇಕು. ಕೊಟ್ಟ ಹೆಸರನ್ನು ಗಡುವಿನೊಳಗೆ ವಾಪಸ್ ತೆಗೆದುಕೊಳ್ಳಬಹುದು. ತೆಗೆಯದೆ ಉಳಿದರೆ, ಯಾರೂ ಆರಿಸದಿದ್ದರೂ, ಕಾಲೇಜಿನ ಆಟ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಕಾಲೇಜು ಹುಡುಗರಿಗೆ ಗಡುವು ಮೊದಲು, ಹೊರದೇಶದವರಿಗೆ ಸ್ವಲ್ಪ ಆಮೇಲೆ. ಈ ಕಾಲೇಜಿನ ಎತ್ತರದ ಆಟಗಾರ ಹೆಸರು ಕೊಟ್ಟಿದ್ದ. ಗಡುವು ಕಳೆದರೂ ವಾಪಸ್ ತೆಗೆಯಲಿಲ್ಲ. ಅವನ ಜಾಗಕ್ಕೇ ನಮ್ಮ ಹುಡುಗನನ್ನು ಕರೆದಿದ್ದರು. ಪ್ರತಿ ಬೇಸಿಗೆಯಲ್ಲೂ ಹೀಗೆಯೇ, ಯಾರು ಉಳಿಯುತ್ತಾರೆ ಯಾರು ಹೋಗುತ್ತಾರೆ ಎಂದು ಗಡುವಿನ ತನಕ ಕೋಚಿಗೇ ಗೊತ್ತಿರುವುದಿಲ್ಲ ಎಂದು ಅಧಿಕಾರಿಣಿ ನಕ್ಕರು. ಆ ನಗು ನಮ್ಮಷ್ಟೇ ದಣಿದದ್ದು.

ತೊಂದರೆ ಒಂದು: ನಮ್ಮ ಹುಡುಗನ ಹೆಸರೂ ಆ ಡ್ರಾಫ್ಟ್ ಪಟ್ಟಿಯಲ್ಲಿತ್ತು. ಕ್ಲಬ್ಬಿನ ಕಾರ್ಯದರ್ಶಿ ಮಾರ್ಚ್‌ನಲ್ಲಿ ಉತ್ಸಾಹದಿಂದ ಅವನಿಂದ ಸಹಿ ಹಾಕಿಸಿ ಕಳಿಸಿದ್ದರು. ಯಾರೂ ಆರಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕ್ಲಬ್ಬಿನ ಹೆಸರು ಅಮೆರಿಕದ ಒಂದು ಪಟ್ಟಿಯಲ್ಲಿ ಬರುತ್ತದಲ್ಲ, ಅದಷ್ಟೇ. ಈಗ ಅದನ್ನು ತೆಗೆಸಲು ಭಾನುವಾರ ಸಂಜೆಯವರೆಗೆ ಸಮಯ. ಭಾನುವಾರವೇ ಬಕ್ರೀದ್.

ತೊಂದರೆ ಎರಡು ನನ್ನದು.

ಹಿಂದಿನ ವರ್ಷ ಅವನ ಅಪ್ಪನ ಕಂಪನಿ ಕುಟುಂಬದವರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನವೀಕರಿಸುವುದನ್ನು ನಿಲ್ಲಿಸಿತು. ತಾಯಿ ಊರಿಗೆ ಹೋದರು. ಹುಡುಗನನ್ನು ಉಳಿಸಿಕೊಳ್ಳಬೇಕಾದರೆ ಅವನ ಇಕಾಮಾ ಕ್ಲಬ್ಬಿಗೆ ವರ್ಗವಾಗಬೇಕಿತ್ತು. ನೆಲ ಒರೆಸುವುದರ ಜೊತೆ ಕ್ಲಬ್ಬಿನ ಇಕಾಮಾ ಕಾಗದಗಳನ್ನೆಲ್ಲ ನೋಡುವವನು ನಾನೇ. ಆಫೀಸಿನಲ್ಲಿ ಡಿಗ್ರಿ ಓದಿದವರು ಇದ್ದಾರೆ. ಸರ್ಕಾರದ ಆನ್‌ಲೈನ್ ಪುಟ ಸಿಕ್ಕಿಕೊಂಡಾಗ ಅವರು ಕರೆಯುವುದು ನನ್ನನ್ನು. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು, ಮುಚ್ಚಿಡುವುದಿಲ್ಲ. ಖಾಲಿ ಇದ್ದದ್ದು ಒಂದೇ ಹುದ್ದೆ: ವೃತ್ತಿಪರ ಆಟಗಾರ. ಒತ್ತಿದೆ. ಕರಾರುಪತ್ರ ತೆರೆಯಿತು. ಸಂಬಳದ ಕಾಲಂ ತುಂಬದೆ ಮುಂದಿನ ಪುಟ ಬರುವುದಿಲ್ಲ, ಒಂದು ಅಂಕಿ ತುಂಬಿದೆ. ಹುಡುಗ ಸಹಿ ಹಾಕಿದ, ಕಾರ್ಯದರ್ಶಿ ಮೊಹರು ಒತ್ತಿದರು. ಅವನಿಗೆ ಸಿಕ್ಕಿದ್ದು ಮಲಗಲು ಒಂದು ಕೋಣೆ, ಊಟ, ಎರಡು ಜೊತೆ ಶೂ, ಅಷ್ಟೇ. ಇಲ್ಲಿ ಇಕಾಮಾದಲ್ಲಿ ಬರೆದ ಕೆಲಸವನ್ನೇ ಮಾಡುವವರು ಎಷ್ಟು ಮಂದಿ? ನನ್ನದರಲ್ಲಿ ತೋಟದ ಕೆಲಸದವನು ಎಂದಿದೆ. ಈ ದೇಶದಲ್ಲಿ ನಾನು ಒಂದು ಗಿಡ ನೆಟ್ಟವನಲ್ಲ.

ಅಧಿಕಾರಿಣಿಯ ಫಾರಂನಲ್ಲಿ ಪ್ರಶ್ನೆ ಇತ್ತು: ವೃತ್ತಿಪರ ಕರಾರಿಗೆ ಸಹಿ ಹಾಕಿದ್ದೀಯಾ? ಸಂಬಳಕ್ಕೆ ಆಡಿದವನನ್ನು ಕಾಲೇಜಿನ ಆಟಕ್ಕೆ ಸೇರಿಸುವುದಿಲ್ಲವಂತೆ. ಊಟ, ವಸತಿಗೆ ತೊಂದರೆಯಿಲ್ಲ, ಕರಾರು ಇದ್ದರೆ ಹೇಗೆ ಆಯಿತೆಂಬ ವಿವರಣೆ ಬೇಕು, ಪತ್ರದಲ್ಲಿ ಬರೆದು ಕಳಿಸಿ, ಹೇಗೆಂದು ಮೇಲ್ ಮಾಡಿದ್ದೇನೆ ಎಂದರು. ವಿವರಣೆ ಸರಿಯಿಲ್ಲದಿದ್ದರೆ ಕಾಲೇಜಿನಲ್ಲಿ ಅವನು ಓದಬಹುದು, ಆಡುವ ಹಾಗಿಲ್ಲ. ಆಡದವನಿಗೆ ಈ ಪುಕ್ಕಟೆ ಸೀಟೂ ಇಲ್ಲ.

ಕರೆ ಮುಗಿಯಿತು. ಅವನ ಅಪ್ಪನ ಕಂಪನಿ ಮುಚ್ಚಿ, ಅವರಿಗೆ ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೋಗುವ ವೀಸಾ, ಹೊಡೆದಾಗಿತ್ತು. ಹಬ್ಬ ಮುಗಿದ ವಾರ ಅವರೂ ಹೋಗುವವರು.

"ಹಸನಾಕ, ನೀವು ಉಪಕಾರ ಮಾಡ್ಲಿಕ್ಕೆ ಹೋದದ್ದು. ನಿಮ್ಮನ್ನು ಎಂತ ಹೇಳುದು," ಎಂದರು. ಬೈದಿದ್ದರೆ ಒಳ್ಳೆಯದಿತ್ತು.

"ಎರಡು ಪತ್ರ ಮಾಡುವ. ಹೆಸರು ವಾಪಸ್ ತೆಗೆಯುದಕ್ಕೆ ಒಂದು, ವಿವರಣೆಗೆ ಒಂದು," ಎಂದೆ. "ಕ್ಲಬ್ಬಿನ ಲೆಟರ್‌ಹೆಡ್, ಕಾರ್ಯದರ್ಶಿ ಸಹಿ, ಮೊಹರು. ಎಲ್ಲ ಪಕ್ಕಾ ಇರ್ಬೇಕು."

"ಅಂಕಲ್, ಅವ್ರು ಸ್ಟಾಂಪ್ ಕೇಳ್ಲಿಲ್ಲ," ಎಂದ ಹುಡುಗ. ಗಾಬರಿಯಾದಾಗ ಅವನಿಗೆ ನಾನು ಅಂಕಲ್ ಆಗುತ್ತೇನೆ. "ಮೇಲ್‌ನಲ್ಲಿ—"

"ಮೊಹರಿಲ್ಲದ ಕಾಗದ ಕಾಗದವಾ? ನೀನು ಸುಮ್ನಿರು. ಕಾಗದದ ವಿಷಯ ನಂಗೆ ಬಿಡು."

ನಮ್ಮ ಅಷ್ಟೂ ಓಡಾಟ ಹುಟ್ಟಿದ್ದು ಈ ಮಾತಿನಿಂದ. ಈ ದೇಶದಲ್ಲಿ ಮೊಹರಿಲ್ಲದೆ ಬಾಡಿಗೆ ಕೋಣೆ ಸಿಗುವುದಿಲ್ಲ, ಸತ್ತವನ ಹೆಣ ಊರಿಗೆ ಹೋಗುವುದಿಲ್ಲ. ಮೇಲ್ ಪೂರ್ತಿ ಓದಿಸಿ ಕೇಳಬೇಕೆಂದು ನನಗೂ ಅನಿಸಲಿಲ್ಲ, ಅವನ ಅಪ್ಪನಿಗೂ ಅನಿಸಲಿಲ್ಲ.

ಶುಕ್ರವಾರ ಜುಮಾ ಮುಗಿಸಿ ಕಾರ್ಯದರ್ಶಿಯ ಮನೆಗೆ ಹೋದೆ. ಹಬ್ಬಕ್ಕೆ ಹುಟ್ಟೂರು ಜಿಜಾನ್‌ಗೆ ಹೋಗಿದ್ದಾರೆ ಎಂದ ಕಾವಲಿನವನು. ಮೊಹರು ಅವರ ಚರ್ಮದ ಬ್ಯಾಗಿನಲ್ಲೇ ಇರುತ್ತದೆ, ಯಾರಿಗೂ ಕೊಡುವವರಲ್ಲ. ಫೋನ್ ಮಾಡಿದರೆ ಅತ್ತಲಿಂದ ಮಕ್ಕಳ ಗಲಾಟೆ. "ಯಾ ಹಸನ್, ಹಬ್ಬ ಮುಗಿಯಲಿ, ಇನ್‌ಶಾ ಅಲ್ಲಾಹ್," ಎಂದರು. ಆ ಇನ್‌ಶಾ ಅಲ್ಲಾಹ್‌ನ ಅರ್ಥ ನನಗೆ ಗೊತ್ತು: ಸದ್ಯಕ್ಕಿಲ್ಲ. ಜಿಜಾನ್‌ಗೆ ಹೋಗೋಣವೆಂದರೆ ವಿಮಾನದಲ್ಲಿ ಒಂದು ಸೀಟೂ ಇರಲಿಲ್ಲ.

ಶನಿವಾರ ನಸುಕಿನ ಫಜ್ರ್ ನಮಾಜು ಮುಗಿಸಿ, ಹಾಲ್ ನೋಡಿಕೊಳ್ಳಲು ಹುಡುಗನನ್ನು ಬಿಟ್ಟು, ಅವನ ಅಪ್ಪನ ಹಳೇ ಕಾರಿನಲ್ಲಿ ನಾವಿಬ್ಬರು ಹೊರಟೆವು. ಹಬ್ಬವೆಂದು ಏ.ಸಿ. ನಿಲ್ಲಿಸಿದರೆ ಆ ಸೆಖೆಗೆ ಹಲಗೆಗಳ ಸಂದು ಬಿಡುತ್ತದೆ, ಒಬ್ಬರು ಇರಲೇಬೇಕು. ಜಿಜಾನ್ ಸಾವಿರ ಕಿಲೋಮೀಟರಿಗೂ ಹೆಚ್ಚು. ವಾದಿ ದವಾಸಿರ್ ತನಕ ಬರೀ ಮರಳು, ಬೇಲಿ, ಒಂಟೆ ದಾಟುವ ಬೋರ್ಡು. ಹಬ್ಬದ ಹಿಂದಿನ ಅರಫಾ ದಿನವೆಂದು ನಾನು ಉಪವಾಸ ಹಿಡಿದಿದ್ದೆ.

"ಪ್ರಯಾಣದಲ್ಲಿ ಬಿಡ್ಬಹುದಲ್ಲ ನಿಮ್ಗೆ?" ಎಂದರು ಅವರು.

"ಬಿಡ್ಬಹುದು."

"ಮತ್ತೆ?"

"ಹಟ."

"ಹಾಗಾದ್ರೆ ನಂಗೂ ನೀರು ಕುಡೀಲಿಕ್ಕೆ ನಾಚಿಕೆ ಆಗ್ತದೆ ಮಾರಾಯ್ರೆ. ನೀವು ಆಚೆ ನೋಡಿ."

ನಾನು ಕಿಟಕಿಯಾಚೆ ನೋಡುತ್ತಿದ್ದೆ, ಅವರು ಗಟಗಟ ಕುಡಿಯುತ್ತಿದ್ದರು. ದಾರಿಯುದ್ದಕ್ಕೂ ಹೀಗೇ. ಮಧ್ಯಾಹ್ನದ ಮೇಲೆ ಅವರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳತೊಡಗಿದರು: ಕರಾರೇ ಇರಲಿಲ್ಲ ಎಂದು ಬರೆಸಿಕೊಂಡರೆ ಆಗುವುದಿಲ್ಲವೇ? ಅರಬಿ ಕಾಗದ ಅಮೆರಿಕದಲ್ಲಿ ಯಾರು ಓದುತ್ತಾರೆ? ನಾನು ಮತ್ತೆ ಕಿಟಕಿಯಾಚೆ ನೋಡಿದೆ. ನಿಜ ಹೇಳಬೇಕೆಂದರೆ, ಆಗುತ್ತದೆ ಎಂದೇ ನನಗೂ ಅನಿಸುತ್ತಿತ್ತು. ಅಭಾದ ಘಾಟಿ ಇಳಿಯುವಾಗ ಬ್ರೇಕಿನ ವಾಸನೆ ಬಂತು. ಎರಡು ಕಡೆ ನಿಲ್ಲಿಸಿ ತಣಿಸಿದೆವು. ಸೂರ್ಯ ಮುಳುಗಿ ಮಗ್ರಿಬ್ ಹೊತ್ತಿಗೆ ಒಂದು ಪೆಟ್ರೋಲ್ ಬಂಕಿನ ಮಸೀದಿಯಲ್ಲಿ ಖರ್ಜೂರ ತಿಂದು ಉಪವಾಸ ಮುರಿದೆ. ಜಿಜಾನ್‌ನಲ್ಲಿ ಕಾಪು ಕಡೆಯ ಒಬ್ಬ ಎಲೆಕ್ಟ್ರಿಷಿಯನ್‌ನ ಕೋಣೆಯಲ್ಲಿ ಬಿದ್ದುಕೊಂಡೆವು. ಗಾಳಿಯಲ್ಲಿ ಉಪ್ಪು, ಮೀನು. ಊರಿನ ಹಾಗೇ. ಅದನ್ನು ಅನುಭವಿಸುವ ಶಕ್ತಿ ಇರಲಿಲ್ಲ.

ಹಬ್ಬದ ನಮಾಜು ಮುಗಿಸಿ, ಬೆಳಿಗ್ಗೆ ಎಂಟಕ್ಕೆ ಕಾರ್ಯದರ್ಶಿಯ ಮನೆ ಬಾಗಿಲಲ್ಲಿ ನಿಂತೆವು. ಅವರು ಅಪ್ಪಿಕೊಂಡರು. ಒಳ್ಳೆಯ ಮನುಷ್ಯ, ಇದನ್ನು ಓದಿ ಯಾರೂ ಬೇರೆ ತಿಳಿಯಬಾರದು. ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ಕೂರಿಸಿ ಗಾವಾ ಕಾಫಿ, ಖರ್ಜೂರ ಕೊಟ್ಟು, ಹತ್ತು ನಿಮಿಷ ನಮ್ಮಿಬ್ಬರ ಮನೆಯವರ ಕ್ಷೇಮ ವಿಚಾರಿಸಿದ ಮೇಲೆಯೇ ಕಾಗದ ನೋಡಿದರು.

ಮೊದಲ ಪತ್ರ ಬದಿಗಿಟ್ಟರು. "ಹೆಸರು ಯಾಕೆ ತೆಗೆಯಬೇಕು? ಇರಲಿ. ಅದರಿಂದ ಯಾರಿಗೆ ನಷ್ಟ?"

ನಿಯಮ ವಿವರಿಸಿದೆ. ಹತ್ತೊಂಬತ್ತು, ಇಪ್ಪತ್ತೆರಡು, ಗಡುವು, ಎಲ್ಲ. ಅರಬಿಯಲ್ಲಿ ಹೇಳುತ್ತಾ ಹೇಳುತ್ತಾ ನನಗೇ ಅದು ಇನ್ನೂ ಸ್ಪಷ್ಟವಾಯಿತು. ಅವರು ತಲೆಯಾಡಿಸಿದರು, ಆದರೆ ಕೈ ಬ್ಯಾಗಿನ ಕಡೆ ಹೋಗಲಿಲ್ಲ. ಎರಡನೇ ಪತ್ರ ಓದಿದರು. ಅದರಲ್ಲಿ ನಾನು ನನ್ನ ಫಾರಂ ತುಂಬುವ ಅರಬಿಯಲ್ಲಿ ನಡೆದದ್ದನ್ನೇ ಚುಟುಕಾಗಿ ಬರೆದಿದ್ದೆ: ಕರಾರು ಆಯಿತು, ಇಕಾಮಾಗಾಗಿ ಆಯಿತು, ಸಂಬಳ ಕೊಡಲಿಲ್ಲ.

"ಇದಕ್ಕೆ ಮೊಹರು ಹಾಕಿದರೆ ಕ್ಲಬ್ ಸುಳ್ಳು ಕರಾರು ಮಾಡಿದೆ ಎಂದು ನಾನೇ ಒಪ್ಪಿದ ಹಾಗೆ, ಹಸನ್. ಬೇರೆ ಬರೆ. ನಮ್ಮಲ್ಲಿ ಇವನ ಹೆಸರಲ್ಲಿ ಕರಾರೇ ಇಲ್ಲ ಎಂದು ಬರೆ. ಈಗಲೇ ಹಾಕುತ್ತೇನೆ. ಎರಡಕ್ಕೂ."

ಹುಡುಗನ ಅಪ್ಪನಿಗೆ ಅಷ್ಟು ಅರಬಿ ಅರ್ಥವಾಗುತ್ತದೆ. ನನ್ನ ಮೊಣಕೈ ಹಿಡಿದರು. "ಹಸನಾಕ, ಬರೀರಿ. ನಿಮ್ಮ ಕಾಲಿಗೆ ಬೀಳ್ತೇನೆ, ಬರೀರಿ. ಎರಡು ಸಾಲಿನ ವಿಷಯ."

ಎರಡು ಸಾಲು, ಹೌದು. ಪೆನ್ನು ತೆಗೆದೂ ಆಗಿತ್ತು. ಆದರೆ ಆ ಕರಾರು ಸರ್ಕಾರದ ಪುಟದಲ್ಲಿದೆ, ಹುಡುಗನ ಇಕಾಮಾ ಕಾರ್ಡಿನ ಮೇಲೇ 'ಆಟಗಾರ' ಎಂದಿದೆ. ವೀಸಾ ಕೊಡುವವನು ಆ ಕಾರ್ಡಿನ ಪ್ರತಿ ಕೇಳದೆ ಬಿಡುವುದಿಲ್ಲ. ಇಂದು ಈ ಸುಳ್ಳು ನಡೆಯುತ್ತದೆ. ಅವನು ಅಲ್ಲಿ ಹೋಗಿ ಆಡತೊಡಗಿದ ಮೇಲೆ ಯಾರೋ ಒಬ್ಬ ಕಾಗದ ಎಳೆದರೆ, ಸುಳ್ಳುಗಾರ ಅವನಾಗುತ್ತಾನೆ, ನಾನಲ್ಲ. ಕಾಲಂ ತುಂಬಿದವನು ಯಾರು? ನಾನು. ಅಷ್ಟು ವರ್ಷ ಹೆಮ್ಮೆಪಟ್ಟುಕೊಂಡದ್ದು ಇದೇ ಕೆಲಸಕ್ಕೆ.

ಪೆನ್ನು ಮುಚ್ಚಿ ಹುಡುಗನಿಗೆ ಫೋನ್ ಮಾಡಿದೆ. "ಆ ಹೆಂಗಸಿನ ಮೇಲ್ ಮೊದಲಿಂದ ಓದು. ಒಂದು ಶಬ್ದ ಬಿಡ್ಬೇಡ. ಕನ್ನಡದಲ್ಲಿ ಹೇಳು."

ಓದಿದ. ಹೆಸರು ವಾಪಸ್ ಪಡೆಯಲು ಆಟಗಾರನೇ ಸಹಿ ಮಾಡಿದ ಪತ್ರ ಲೀಗಿಗೆ ತಲುಪಿದರೆ ಸಾಕು. ಕರಾರಿನ ವಿವರಣೆಯನ್ನು ವಿಷಯ ನೇರವಾಗಿ ಗೊತ್ತಿರುವ ಯಾರಾದರೂ ಬರೆಯಬಹುದು. ಮೊಹರಿನ ಮಾತೇ ಇಲ್ಲ.

"ನಾನು ಗುರುವಾರನೇ ಹೇಳಿದ್ನಲ್ಲ ಹಸನಾಕ..."

"ಹೇಳಿದ್ದಿ. ನಾನು ಕೇಳ್ಲಿಲ್ಲ. ಈಗ ಬೈಯ್ಬೇಡ, ಬರಿ. ನಿನ್ನ ಪತ್ರ ನೀನೇ ಬರ್ದು, ಸೈನ್ ಮಾಡಿ, ಫೋಟೋ ತೆಗ್ದು ಕಳ್ಸು. ಉತ್ತರ ಬಂದ ಕೂಡ್ಲೆ ಹೇಳು."

ಸಾವಿರ ಕಿಲೋಮೀಟರ್. ಅವನ ಅಪ್ಪ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ನಗಲು ತ್ರಾಣವಿರಲಿಲ್ಲ.

ಎರಡನೇ ಪತ್ರವನ್ನು ಈಗ ನನ್ನ ಹೆಸರಲ್ಲಿ, ವಿವರವಾಗಿ, ನಾನೇ ಬರೆಯಬೇಕಿತ್ತು. ಇಂಗ್ಲಿಷ್ ನನಗೆ ಬರೆಯಲು ಬರುವುದಿಲ್ಲ; ಅರಬಿಯಲ್ಲಿ ಫಾರಂ ತುಂಬಬಲ್ಲೆ, ಮನಸ್ಸಿನಲ್ಲಿರುವುದನ್ನು ಬರೆಯಲಾರೆ. ನೆಟ್ಟಗೆ ಬರೆಯಲು ಬರುವುದು ಒಂದೇ ಭಾಷೆ, ಏಳನೇ ಕ್ಲಾಸಿನವರೆಗೆ ಕಲಿತದ್ದು. ಕಾರ್ಯದರ್ಶಿಯ ಬಳಿಯೇ ಒಂದು ಖಾಲಿ ಹಾಳೆ ಕೇಳಿ, ಮಜ್ಲಿಸಿನ ಕಾರ್ಪೆಟ್ ಮೇಲೆ ಕೂತು ಕನ್ನಡದಲ್ಲಿ ಬರೆದೆ. ಖಾಲಿ ಇದ್ದ ಹುದ್ದೆ ಅದೊಂದೇ ಎಂದು ಅದನ್ನು ಆರಿಸಿದವನು ನಾನು. ಸಂಬಳದ ಕಾಲಂ ತುಂಬಿದವನು ನಾನು. ಹುಡುಗ ಸಹಿ ಹಾಕಿದ್ದು ನಾನು ಹೇಳಿದ್ದಕ್ಕೆ. ಅದು ಇಕಾಮಾ ಕಾಗದ ಎಂದೇ ಅವನು ತಿಳಿದಿದ್ದ. ಅವನಿಗೆ ಕೊಟ್ಟದ್ದು ಕೋಣೆ, ಊಟ, ಎರಡು ಜೊತೆ ಶೂ. ಇದು ಕ್ಲಬ್ಬಿಗೂ ಗೊತ್ತಿತ್ತು. ಆ ಕೊನೆಯ ಸಾಲು ಬರೆಯುವ ಮುಂಚೆ ಕಾರ್ಯದರ್ಶಿಯ ಕಡೆ ನೋಡಿದೆ. ಬರೆದೆ. ಕೆಳಗೆ ಹೆಸರು, ಇಕಾಮಾ ನಂಬರು, ಸಹಿ.

ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಅವನ ಅಪ್ಪ ಅಂಗಳಕ್ಕೆ ಹೋಗಿ, ಕಾರಿನ ನೆರಳಲ್ಲಿ ನಿಂತು, ಫೋನಿನಲ್ಲಿ ಒಂದೊಂದೇ ಸಾಲು ಓದಿದರು; ಅವನು ರಿಯಾದಿನಲ್ಲಿ ಕೂತು ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ತಪ್ಪು ನನ್ನದೆಂದು ಬರೆದ ಸಾಲಿಗೆ ಬಂದಾಗ "ಇದು ನಂಗೆ ಓದ್ಲಿಕ್ಕೆ ಆಗುದಿಲ್ಲ, ಇರು," ಎಂದದ್ದು ಕೇಳಿಸಿತು. ಆಮೇಲೆ ಓದಿದರು. ಕನ್ನಡದ ಹಾಳೆಯ ಫೋಟೋ, ಇಂಗ್ಲಿಷಿನದ್ದು, ಎರಡೂ ಹೋದವು.

ಏನು ಬರೆದೆ ಎಂದು ಕಾರ್ಯದರ್ಶಿ ಕೇಳಿದರು. ಹೇಳಿದೆ. ಅವರು ತಮ್ಮ ಲೋಟ ತಿರುಗಿಸಿದರು. "ಊಟ ಮಾಡದೆ ಹೋಗಬಾರದು," ಎಂದರಷ್ಟೇ. ಹಬ್ಬದ ಮಾಂಸದ ಪರಾತ ಬಂತು. ಹುಡುಗನ ಅಪ್ಪ ಮಾಂಸ ತಿನ್ನುವವರಲ್ಲ, ಬರೀ ಅನ್ನ ತಿಂದರು. ತಿನ್ನುತ್ತಿರುವಾಗಲೇ ಹುಡುಗನ ಮೆಸೇಜ್: ಬೆಳಿಗ್ಗೆ ಕಳಿಸಿದ್ದ ಪತ್ರಕ್ಕೆ, ಗಡುವಿನ ದಿನವಾದ್ದರಿಂದ ಅಲ್ಲಿ ನಸುಕಿನಲ್ಲೇ, ಲೀಗಿನ ಉತ್ತರ ಬಂದಿದೆ, ಹೆಸರು ಪಟ್ಟಿಯಿಂದ ತೆಗೆದಿದ್ದಾರೆ.

ಹಬ್ಬದ ರಜೆ ಮುಗಿದ ಮೇಲೆ ಅಪ್ಪ ಊರಿಗೆ ಹೋದರು. ವಿವರಣೆಗೆ ಉತ್ತರ ಬರಲು ಮತ್ತೂ ಐದು ವಾರ ಹಿಡಿಯಿತು. ನಡುವೆ ಎರಡು ಸಲ ಪ್ರಶ್ನೆ ಕೇಳಿದರು: ಶೂ ಯಾವ ಕಂಪನಿಯದ್ದು, ಕೋಣೆಯಲ್ಲಿ ಎಷ್ಟು ಜನ. ಕೊನೆಗೆ ಬಂತು. ಹುಡುಗ ಆಡಬಹುದು, ಆದರೆ ಕರಾರು ಆದದ್ದು ಆದದ್ದೇ, ಸೀಸನ್‌ನ ಮೊದಲ ಆರು ಪಂದ್ಯ ಹೊರಗೆ ಕೂರಬೇಕು.

ಊರಿನಿಂದ ಅವನ ಅಪ್ಪ ಫೋನಿನಲ್ಲಿ ಸಿಟ್ಟಾದರು. "ಎಂತ ನ್ಯಾಯ ಇದು ಹಸನಾಕ? ಸುಳ್ಳು ಹೇಳಿದ್ರೆ ಒಂದು ಪಂದ್ಯವೂ ಹೋಗ್ತಿರ್ಲಿಲ್ಲ!" ಆ ಆರು ಪಂದ್ಯ ನನ್ನ ಕೈಯ ಕೆಲಸ.

ನಾನು ಮಾಡಿದ ಕೊನೆಯ ಇಕಾಮಾ ಕೆಲಸ ಹುಡುಗನ ಫೈನಲ್ ಎಕ್ಸಿಟ್. ಮರುದಿನ ಕಾರ್ಯದರ್ಶಿ ಕರೆದು ಟೀ ಕುಡಿಸಿ, ಸರ್ಕಾರದ ಪುಟದ ಪಾಸ್‌ವರ್ಡ್ ಆಫೀಸಿನ ಇನ್ನೊಬ್ಬನಿಗೆ ಕೊಡಲು ಹೇಳಿದರು. "ನಿನಗೂ ವಯಸ್ಸಾಯಿತು ಹಸನ್, ನೆಲದ ಕೆಲಸವೇ ಸಾಕಷ್ಟಿದೆ." ದನಿ ಎತ್ತಲಿಲ್ಲ. ಕೊಟ್ಟೆ. ಈಗ ಆ ಪುಟ ಸಿಕ್ಕಿಕೊಂಡರೂ ಯಾರೂ ಕರೆಯುವುದಿಲ್ಲ. ಅದು ಒಳಗೆ ಎಲ್ಲೋ ನೋಯುತ್ತದೆ, ಇಲ್ಲವೆಂದರೆ ಸುಳ್ಳು.

ನವೆಂಬರಿನಲ್ಲಿ ಅವನ ಸೀಸನ್ ಶುರುವಾಯಿತು. ಅಲ್ಲಿ ರಾತ್ರಿ ಪಂದ್ಯ ಮುಗಿಯುವಾಗ ಇಲ್ಲಿ ಬೆಳಗಾಗಿರುತ್ತದೆ. ನಾನು ಫಜ್ರ್ ಮುಗಿಸಿ ಹಾಲ್ ತೆರೆಯುವ ಹೊತ್ತಿಗೆ ಮೆಸೇಜ್ ಬರುತ್ತಿತ್ತು. "ಒಂದು ಆಯ್ತು ಹಸನಾಕ." ಬೆಂಚಿನ ತುದಿಯಲ್ಲಿ ಕೋಟು ಹಾಕಿ ಕೂತಿದ್ದ ಫೋಟೋ, ಮಂಡಿ ಎಲ್ಲಿಡಬೇಕೆಂದು ತಿಳಿಯದವನ ಹಾಗೆ. "ಎರಡು ಆಯ್ತು." ಮೂರನೆಯದಕ್ಕೆ ಟೀಮ್ ಸೋತಿತ್ತು, ಅಕ್ಷರ ಮಾತ್ರ, ಫೋಟೋ ಇಲ್ಲ. ನಾಲ್ಕು. ಐದು. ಪ್ರತಿ ಸಲವೂ ನಾನು "ಆಯ್ತು ಮಗಾ" ಎಂದು ಹಾಕಿ ಮಾಪು ಹಿಡಿಯುತ್ತಿದ್ದೆ. ಆರು.

ಏಳನೆಯ ಪಂದ್ಯದ ಬೆಳಿಗ್ಗೆ ಹಾಲ್ ತೆರೆದು ದೀಪ ಹಾಕಿದೆ. ಫೋನ್ ನೋಡಿದೆ. ಏನೂ ಇರಲಿಲ್ಲ. ಅರ್ಧ ನೆಲ ಮುಗಿಸಿ ಮತ್ತೆ ನೋಡಿದೆ. ಇರಲಿಲ್ಲ. ಇನ್ನೂ ಆಡುತ್ತಿದ್ದಾನೆ ಎಂದುಕೊಂಡು ಉಳಿದರ್ಧವನ್ನು ನಿಧಾನವಾಗಿ ಒರೆಸಿದೆ.